ಆತುರಗಾರನಿಗೆ ಬುದ್ಧಿ ಮಟ್ಟ

ಗದ್ದಲದ ನಡುವೆ ಮಸೂದೆ ಪಾಸಾದ ಸುದ್ದಿ ಓದಿದಾಗಲೆಲ್ಲ ಈ ಗಾದೆ ನೆನಪಾಗುತ್ತದೆ. ಸಿಡುಕರಿಗೆ ಹೇಳಿದ ಮಾತಿದು ಎನ್ನುವವರಿದ್ದಾರೆ. ಅದಕ್ಕೆ ಕೋಪದ ಗಾದೆಗಳೇ ಬೇಕಾದಷ್ಟಿವೆ. ನಿಧಾನವೇ ಪ್ರಧಾನ ಎಂಬುದರ ಇನ್ನೊಂದು ರೂಪ ಎನ್ನುವವರೂ ಇದ್ದಾರೆ. ಆದರೆ ವಿಜಯಪುರದ ಈ ಬರದ ಸೀಮೆಯಲ್ಲಿ ಹದಮಳೆ ಬಿದ್ದ ಮೇಲೂ ಬಿತ್ತದೆ ಕೂತವನನ್ನು ಯಾರೂ ಜಾಣನೆನ್ನರು. ನನ್ನ ಪ್ರಕಾರ ಆತುರಗಾರ ಹುಟ್ಟುದಡ್ಡನಲ್ಲ. ನಾಲ್ಕು ಮಂದಿಯಿಂದ ಬರಬೇಕಾದ ಬುದ್ಧಿ ಬರುವ ಮೊದಲೇ ಕೆಲಸ ಮುಗಿಸಿಬಿಡುತ್ತಾನೆ. ಅವನ ಬಡತನ ಅಲ್ಲಿದೆ.

ನಮ್ಮ ತೊರವಿಯ ಹೊಲಗಳತ್ತ ವಿಜಯಪುರ ನಗರ ಬೆಳೆಯುತ್ತಿದೆ. ಇಲ್ಲಿ ಒಂದೆಕರೆ ಮಾರುವ ಮಾತೆದ್ದರೂ ಅಣ್ಣತಮ್ಮಂದಿರು, ಬೀಗರು, ಬದುವಿನಾಚೆಯವರು ಕೂತು ಮಾತಾಡುತ್ತಾರೆ. ಆದರೆ ಕೃಷಿಕರಲ್ಲದವರು ಹೊಲ ಕೊಳ್ಳಲು ಅಡ್ಡಿಯಾಗಿದ್ದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ರಾಜ್ಯ ಸರ್ಕಾರ 2020ರ ಜುಲೈನಲ್ಲಿ ಸುಗ್ರೀವಾಜ್ಞೆಯಿಂದಲೇ ತೆಗೆದುಹಾಕಿತು. ಸದನದ ಸರದಿ ಬಂದದ್ದು ಆಮೇಲೆ.

ಅದೇ ವರ್ಷ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಎರಡು ಕೃಷಿ ಮಸೂದೆಗಳು ಧ್ವನಿಮತದಿಂದ ಪಾಸಾದವು. ಮತ ಎಣಿಸಿ ಎಂಬ ಬೇಡಿಕೆಗೆ ಮನ್ನಣೆ ಸಿಗಲಿಲ್ಲ. ಸದನದೊಳಗೆ ಕೇಳದ ಮಾತನ್ನು ರೈತರು ಒಂದು ವರ್ಷಕ್ಕೂ ಮಿಕ್ಕಿ ದೆಹಲಿಯ ಗಡಿಯಲ್ಲಿ ಚಳಿಮಳೆಯಲ್ಲಿ ಕೂತು ಹೇಳಬೇಕಾಯಿತು. 2021ರ ನವೆಂಬರ್ 29ರಂದು ಆ ಕಾಯ್ದೆಗಳ ರದ್ದತಿ ಮಸೂದೆ ಸಂಸತ್ತಿನಲ್ಲಿ ಪಾಸಾಯಿತು; ಅದೂ ಚರ್ಚೆಯಿಲ್ಲದೆಯೇ ನಡೆಯಿತು. ತಪ್ಪನ್ನು ತಿದ್ದುವಾಗಲೂ ಆತುರ ಬಿಡಲಿಲ್ಲ.

ಇದು ಒಂದೇ ಪಕ್ಷದ ರೋಗವಲ್ಲ. ನಮ್ಮ ರಾಜ್ಯದಲ್ಲಿ 2022ರ ಫೆಬ್ರುವರಿಯಲ್ಲಿ ಬಿಜೆಪಿ ಸರ್ಕಾರ, 2025ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಸರ್ಕಾರ ಸಚಿವರ, ಶಾಸಕರ ಸಂಬಳ ಹೆಚ್ಚಿಸುವ ಮಸೂದೆಗಳನ್ನು ವಿಧಾನಸಭೆಯಲ್ಲಿ ಗದ್ದಲದ ನಡುವೆಯೇ ಪಾಸು ಮಾಡಿಸಿದವು. ಎರಡನೆಯ ಸಲ ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೇರಿತು. ಜನರ ದುಡ್ಡು ತಮ್ಮ ಕಿಸೆಗೆ ಬರುವ ಮಾತನ್ನಾದರೂ ಜನರೆದುರು ಬಾಯಿಬಿಟ್ಟು ಆಡಬೇಕಿತ್ತು.

ವಿರೋಧ ಪಕ್ಷದವರು ಮಾತಾಡಲು ಬಿಡಲಿಲ್ಲ ಎಂಬುದು ಪ್ರತಿ ಸರ್ಕಾರದ ಸಬೂಬು. ಸದನದ ಬಾವಿಗಿಳಿದು ಕೂಗುವವರ ತಪ್ಪು ಸಣ್ಣದಲ್ಲ. ಆದರೂ ಗದ್ದಲವಿದ್ದರೆ ಮಸೂದೆಯನ್ನು ನಾಳೆಗಿಡಬಹುದು, ಸಮಿತಿಗೆ ಕಳಿಸಬಹುದು. ಬಹುಮತ ಗೆಲುವನ್ನು ಕೊಡುತ್ತದೆ, ಬುದ್ಧಿಯನ್ನು ಕೊಡುವುದಿಲ್ಲ. ಬುದ್ಧಿ ಎದುರು ಬೆಂಚಿನಿಂದಲೂ ಬರಬೇಕು.

ಮುಂದಿನ ಸಲ ಮತ ಕೇಳಲು ಬಂದವರಿಗೆ ರಸ್ತೆ, ನೀರಿನ ಜೊತೆ ಇದನ್ನೂ ಕೇಳೋಣ: ನೀವು ಯಾವ ಮಸೂದೆಯನ್ನು ಪೂರ್ತಿ ಓದಿದಿರಿ, ಅದರ ಮೇಲೆ ಏನು ಮಾತಾಡಿದಿರಿ? ನಾವು ಕೇಳದಿದ್ದರೆ ಅವರಿಗೆ ಆತುರ ಬಿಡುವ ಕಾರಣವೇ ಇಲ್ಲ.