ಕೂಗು ಯಾರ ಮನೆಯದು?

‘ಸಂಕಟ ಬಂದಾಗ ವೆಂಕಟರಮಣ’ ಎಂಬ ಗಾದೆಯನ್ನು ನಾವು ಹೆಚ್ಚಾಗಿ ಇನ್ನೊಬ್ಬರನ್ನು ನೋಡಿ ನಗುವುದಕ್ಕೆ ಬಳಸುತ್ತೇವೆ. ವರ್ಷವಿಡೀ ದೇವಸ್ಥಾನದ ಕಡೆ ತಲೆಹಾಕದ ಹುಡುಗ ಫಲಿತಾಂಶದ ಹಿಂದಿನ ದಿನ ಹಣ್ಣುಕಾಯಿ ಹಿಡಿದು ಸಾಲಿನಲ್ಲಿ ನಿಂತರೆ, ಆಪರೇಷನ್ ಥಿಯೇಟರಿನ ಹೊರಗೆ ಕೂತ ನಾಸ್ತಿಕನ ತುಟಿ ಅಲುಗಿದರೆ ಈ ಗಾದೆ ನೆನಪಾಗುತ್ತದೆ. ಆ ನಗುವಿನಲ್ಲಿ ಒಂದು ಆರೋಪವಿದೆ. ಹೆದರಿಕೆಯಿಂದ ಹುಟ್ಟಿದ ಪ್ರಾರ್ಥನೆ ಸ್ವಾರ್ಥದ್ದು, ಸಂಕಟ ಕಳೆದ ಮೇಲೆ ಅದೂ ಕಳೆದುಹೋಗುತ್ತದೆ, ಆದ್ದರಿಂದ ಅದು ಪ್ರಾರ್ಥನೆಯೇ ಅಲ್ಲ ಎಂಬುದು ಆ ಆರೋಪ. ಇದು ನ್ಯಾಯವೇ? ಈ ಪ್ರಶ್ನೆಯನ್ನು ಶತಮಾನಗಳ ಕಾಲ, ಸಣ್ಣ ಸಣ್ಣ ವಿವರಗಳ ಸಮೇತ ಚರ್ಚಿಸಿದ ಪರಂಪರೆಗಳಲ್ಲಿ ಯೆಹೂದಿಗಳದ್ದೂ ಒಂದು. ಅಲ್ಲಿ ಸಿಗುವ ಉತ್ತರ ನಮ್ಮ ಗಾದೆಗೆ ಹೊಂದುವುದಿಲ್ಲ. ಜೊತೆಗೆ ಗಾದೆ ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆಯೂ ಅಲ್ಲಿದೆ, ಅದು ಮೊದಲನೆಯದಕ್ಕಿಂತ ಕಷ್ಟದ್ದು.

ಮೊದಲು ಹೆದರಿಕೆಯ ಮಾತು. 12ನೇ ಶತಮಾನದ ಮೈಮೊನಿಡೀಸ್ ಯೆಹೂದಿ ಧರ್ಮದ ವಿಧಿಗಳನ್ನೆಲ್ಲ ಕ್ರಮಬದ್ಧವಾಗಿ ಬರೆದಿಟ್ಟ ಮಹಾ ವಿದ್ವಾಂಸ. ದಿನವೂ ಪ್ರಾರ್ಥಿಸಬೇಕೆಂಬುದು ತೋರಾದ, ಅಂದರೆ ಮೋಶೆಯ ಧರ್ಮಶಾಸ್ತ್ರದ, ನೇರ ಆಜ್ಞೆ ಎಂದು ಅವನ ಮತ. 13ನೇ ಶತಮಾನದಲ್ಲಿ ಸ್ಪೇನಿನ ನಹ್ಮಾನಿಡೀಸ್ ಇದನ್ನು ಒಪ್ಪಲಿಲ್ಲ. ನಿತ್ಯದ ಪ್ರಾರ್ಥನೆ ಆಮೇಲೆ ಬಂದ ಗುರುಗಳು ಮಾಡಿಕೊಟ್ಟ ಏರ್ಪಾಡು. ತೋರಾದಲ್ಲೇ ಅಂಥದೊಂದು ಆಜ್ಞೆ ಇದೆ ಎನ್ನುವುದಾದರೆ ಅದು ಸಂಕಟದ ಕಾಲದಲ್ಲಿ ಮೊರೆಯಿಡಬೇಕೆಂಬ ಆಜ್ಞೆ ಎಂದು ಅವನು ವಾದಿಸಿದ. ಅವನ ಮಾತನ್ನು ಒಪ್ಪಿದರೆ ನಮ್ಮ ಗಾದೆ ತಲೆಕೆಳಗಾಗುತ್ತದೆ. ಸಂಕಟದಲ್ಲಿ ಬರುವ ಕೂಗೇ ಮೂಲವಾಗುತ್ತದೆ; ಮೂರು ಹೊತ್ತಿನ ಶಿಸ್ತಿನ ಪ್ರಾರ್ಥನೆ ಆ ಕೂಗಿನ ಸುತ್ತ ಬೆಳೆದದ್ದಾಗುತ್ತದೆ.

ಇದಕ್ಕೆ ಹನ್ನಳ ಕಥೆಯ ಬೆಂಬಲವೂ ಇದೆ. ಮಕ್ಕಳಿಲ್ಲದ ಹನ್ನ, ಸವತಿಯ ಚುಚ್ಚುಮಾತು ತಾಳಲಾರದೆ ಶೀಲೋವಿನ ದೇವಾಲಯದಲ್ಲಿ ಅಳುತ್ತ ಪ್ರಾರ್ಥಿಸುತ್ತಾಳೆ. ತುಟಿ ಅಲುಗುತ್ತದೆ, ದನಿ ಕೇಳುವುದಿಲ್ಲ. ಯಾಜಕನಾದ ಏಲಿ ಅವಳನ್ನು ನೋಡಿ ಕುಡಿದಿದ್ದಾಳೆ ಎಂದುಕೊಂಡು ಗದರಿಸುತ್ತಾನೆ. ತಾನು ಕುಡಿದಿಲ್ಲ, ಮನಸ್ಸಿನಲ್ಲಿದ್ದುದನ್ನು ದೇವರ ಮುಂದೆ ಸುರಿಯುತ್ತಿದ್ದೇನೆ ಎಂದು ಅವಳು ಉತ್ತರ ಕೊಡುತ್ತಾಳೆ. ಪ್ರಾರ್ಥನೆ ಹೇಗಿರಬೇಕು ಎಂಬ ನಿಯಮಗಳನ್ನು ತಾಲ್ಮುಡ್ ಕಲಿತುಕೊಳ್ಳುವುದು ಗದರಿಸಿದ ಯಾಜಕನಿಂದಲ್ಲ, ಈ ಹೆಂಗಸಿನಿಂದ: ಮನಸ್ಸಿಟ್ಟು ಹೇಳಬೇಕು, ತುಟಿ ಅಲುಗಬೇಕು, ದನಿ ಏರಿಸಬಾರದು. ಯೆಹೂದಿ ಹೊಸವರ್ಷದ ಮೊದಲ ದಿನ ಸಿನಗಾಗುಗಳಲ್ಲಿ ಅವಳ ಕಥೆಯನ್ನೇ ಓದುತ್ತಾರೆ. ಪ್ರಾರ್ಥನೆಯ ಮಾದರಿಯಾಗಿ ಅವರು ಆರಿಸಿಕೊಂಡದ್ದು ಸಮಾಧಾನದಲ್ಲಿ ಕೂತ ಸಾಧಕನನ್ನಲ್ಲ, ಸಂಕಟಕ್ಕೆ ಸಿಕ್ಕ ಒಬ್ಬಳನ್ನು.

ಹಾಗಾದರೆ ಹೆದರಿದವರು ಏನು ಬೇಕಾದರೂ ಕೇಳಬಹುದೇ? ಇಲ್ಲಿಂದ ಎರಡನೆಯ ಪ್ರಶ್ನೆ ಶುರುವಾಗುತ್ತದೆ. ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಮಿಶ್ನಾದಲ್ಲಿ ‘ವ್ಯರ್ಥ ಪ್ರಾರ್ಥನೆ’ ಎಂಬ ಮಾತು ಬರುತ್ತದೆ. ಒಬ್ಬ ಪ್ರಯಾಣ ಮುಗಿಸಿ ಊರಿಗೆ ಮರಳುತ್ತಿದ್ದಾನೆ. ಊರೊಳಗಿಂದ ಗೋಳಾಟ ಕೇಳಿಸುತ್ತದೆ. ‘ದೇವರೇ, ಅದು ನನ್ನ ಮನೆಯದಾಗದಿರಲಿ’ ಎಂದು ಅವನು ಬೇಡಿದರೆ ಅದು ವ್ಯರ್ಥ ಪ್ರಾರ್ಥನೆ. ಮಿಶ್ನಾ ಕೊಡುವ ಕಾರಣ ಸರಳ: ಆಗಬೇಕಾದ್ದು ಆಗಿಹೋಗಿದೆ, ಕಳೆದದ್ದಕ್ಕಾಗಿ ಮೊರೆಯಿಟ್ಟು ಪ್ರಯೋಜನವಿಲ್ಲ. ಆದರೆ ಈ ಉದಾಹರಣೆಯನ್ನು ಓದುವಾಗ ಮಿಶ್ನಾ ಹೇಳದ ಇನ್ನೊಂದು ಕಾರಣವೂ ಹೊಳೆಯುತ್ತದೆ. ಗೋಳು ಎದ್ದಾಗಿದೆ, ಯಾವುದೋ ಒಂದು ಮನೆಯಲ್ಲಿ ಕೇಡು ನಡೆದಿದೆ. ನನ್ನ ಮನೆಯದಾಗದಿರಲಿ ಎಂದರೆ ಪಕ್ಕದ ಮನೆಯದಾಗಲಿ ಎಂದೇ ಅರ್ಥ. ಬಾಯಲ್ಲಿ ಆ ಮಾತು ಬಾರದಿದ್ದರೂ ಲೆಕ್ಕ ಬೇರೆ ರೀತಿ ಕೂಡುವುದಿಲ್ಲ.

ಪ್ರಯಾಣದ ಇನ್ನೊಂದು ಪ್ರಾರ್ಥನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಊರು ಬಿಟ್ಟು ಹೊರಟವರು ದಾರಿಯಲ್ಲಿ ಹೇಳಿಕೊಳ್ಳಬೇಕಾದ ಪ್ರಾರ್ಥನೆಯೊಂದು ತಾಲ್ಮುಡ್‌ನಲ್ಲಿದೆ. ಅದರ ಮೊದಲ ರೂಪ ‘ನನ್ನನ್ನು ಕಾಪಾಡು’ ಎಂಬಂತಿತ್ತು. ಅಬಾಯೆ ಎಂಬ ವಿದ್ವಾಂಸ ಅದನ್ನು ತಿದ್ದಿದ: ಮನುಷ್ಯ ತನ್ನನ್ನು ಸಮುದಾಯದೊಂದಿಗೆ ಸೇರಿಸಿಕೊಂಡೇ ಬೇಡಬೇಕು, ಆದ್ದರಿಂದ ‘ನಮ್ಮನ್ನು ಕಾಪಾಡು’ ಎನ್ನಬೇಕು. ಬದಲಾದದ್ದು ಬರೇ ಒಂದು ಸರ್ವನಾಮ. ಆದರೆ ಒಬ್ಬನೇ ಹೋಗುತ್ತಿರುವಾಗಲೂ, ಕಳ್ಳಕಾಕರ ಭಯದಲ್ಲಿರುವಾಗಲೂ, ಅದೇ ದಾರಿಯಲ್ಲಿ ಹಿಂದೆಮುಂದೆ ಬರುತ್ತಿರುವವರನ್ನು ನೆನೆಯಲೇಬೇಕಾಗುತ್ತದೆ. ಭಯ ಮನುಷ್ಯನನ್ನು ತನ್ನ ಮೈಯಷ್ಟಕ್ಕೆ ಕುಗ್ಗಿಸುತ್ತದೆ. ಈ ತಿದ್ದುಪಡಿ ಅವನನ್ನು ಒಂದಿಷ್ಟು ಹಿಗ್ಗಿಸುತ್ತದೆ.

ಈಗ ಕೃತಜ್ಞತೆ. ಹೀಬ್ರೂವಿನಲ್ಲಿ ‘ಹೋದಾಯಾ’ ಎಂಬ ಪದಕ್ಕೆ ಕೃತಜ್ಞತೆ ಎಂಬ ಅರ್ಥವೂ ಇದೆ, ಒಪ್ಪಿಕೊಳ್ಳುವುದು ಎಂಬ ಅರ್ಥವೂ ಇದೆ. ಆದಿಕಾಂಡದಲ್ಲಿ ಲೇಯ ತನ್ನ ನಾಲ್ಕನೆಯ ಮಗನಿಗೆ ಯೆಹೂದ ಎಂದು ಹೆಸರಿಡುವಾಗ, ಈ ಸಲ ದೇವರನ್ನು ಸ್ತುತಿಸುತ್ತೇನೆ ಎನ್ನುತ್ತಾಳೆ. ಯೆಹೂದಿ ಎಂಬ ಹೆಸರು ಬಂದದ್ದು ಆ ಮಗನಿಂದ. ಈ ಜನ ನಿತ್ಯದ ಬದುಕಿನ ತುಂಬ ಧನ್ಯವಾದದ ಮಾತುಗಳನ್ನು ಹರಡಿಟ್ಟುಕೊಂಡಿದ್ದಾರೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಒಂದು, ರೊಟ್ಟಿ ಮುರಿಯುವ ಮೊದಲು ಒಂದು. ಶೌಚ ಮುಗಿಸಿ ಕೈ ತೊಳೆದ ಮೇಲೂ ಒಂದಿದೆ: ದೇಹದೊಳಗಿನ ನಾಳ ರಂಧ್ರಗಳಲ್ಲಿ ತೆರೆಯಬೇಕಾದ್ದು ತೆರೆಯದಿದ್ದರೆ, ಮುಚ್ಚಬೇಕಾದ್ದು ಮುಚ್ಚದಿದ್ದರೆ ಬದುಕಲಾಗದು ಎಂಬುದನ್ನು ನೆನೆಯುವ ಮಾತು ಅದು. ಮನೆಯಲ್ಲಿ ಮೂತ್ರಪಿಂಡದ ರೋಗಿಯನ್ನು ನೋಡಿಕೊಂಡವರಿಗೆ ಇದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ.

ದೊಡ್ಡ ಅಪಾಯದಿಂದ ಪಾರಾದವರಿಗೆ ಬೇರೆ ವಿಧಿಯಿದೆ. ಸಮುದ್ರ ದಾಟಿ ಬಂದವರು, ಮರುಭೂಮಿ ದಾಟಿ ಬಂದವರು, ಕಾಯಿಲೆಯಿಂದ ಎದ್ದವರು, ಸೆರೆಯಿಂದ ಬಿಡುಗಡೆಯಾದವರು ಈ ನಾಲ್ವರು ಕೃತಜ್ಞತೆ ಸಲ್ಲಿಸಬೇಕು ಎಂದು 107ನೆಯ ಕೀರ್ತನೆಯ ಆಧಾರದ ಮೇಲೆ ತಾಲ್ಮುಡ್ ಹೇಳುತ್ತದೆ. ಇದನ್ನು ಮನೆಯ ಮೂಲೆಯಲ್ಲಿ ಕೂತು ಹೇಳುವಂತಿಲ್ಲ; ಕನಿಷ್ಠ ಹತ್ತು ಜನರ ಮುಂದೆ ಹೇಳಬೇಕು. ಹೇಳುವ ಮಾತಿನಲ್ಲಿ ಒಂದು ಮುಖ್ಯ ಪದವಿದೆ. ದೇವರು ಅರ್ಹತೆಯಿಲ್ಲದವರಿಗೂ ಒಳ್ಳೆಯದನ್ನು ಮಾಡುವವನು, ನನಗೂ ಹಾಗೆ ಮಾಡಿದ್ದಾನೆ ಎಂಬುದು ಅದರ ತಾತ್ಪರ್ಯ. ನಾನು ಒಳ್ಳೆಯವನಾದ್ದರಿಂದ ಉಳಿದೆ ಎಂದು ಹೇಳಲು ಈ ಮಾತು ಎಡೆ ಕೊಡುವುದಿಲ್ಲ. ಎದುರಿಗಿರುವ ಹತ್ತು ಜನರಲ್ಲಿ ಅದೇ ಹಡಗಿನಲ್ಲಿ ಹೋಗಿ ಮರಳದವನ ತಂದೆಯೂ ಇರಬಹುದಲ್ಲ!

ಆದರೆ ಆ ತಂದೆ ಎದುರಿಗೇ ಇದ್ದಾಗ ಧನ್ಯವಾದ ಹೇಳುವುದಾದರೂ ಹೇಗೆ? ಈ ಪ್ರಶ್ನೆಯನ್ನು ಅತ್ಯಂತ ಕಠೋರವಾಗಿ ಕೇಳಿದವನು ಪ್ರಿಮೊ ಲೆವಿ. ಇಟಲಿಯ ಟ್ಯೂರಿನ್ ನಗರದ ಯೆಹೂದಿ, ವೃತ್ತಿಯಿಂದ ರಸಾಯನಶಾಸ್ತ್ರಜ್ಞ, ನಂಬಿಕೆಯಿಲ್ಲದವನು. 1944ರ ಫೆಬ್ರವರಿಯಿಂದ 1945ರ ಜನವರಿಯವರೆಗೆ ಆಶ್‌ವಿಟ್ಸ್‌ನಲ್ಲಿದ್ದು ಬದುಕಿ ಬಂದ. 1947ರಲ್ಲಿ ಪ್ರಕಟವಾದ ಅವನ ಮೊದಲ ಪುಸ್ತಕದಲ್ಲಿ 1944ರ ಅಕ್ಟೋಬರಿನ ಒಂದು ‘ಆಯ್ಕೆ’ಯ ವಿವರವಿದೆ. ಕೆಲಸಕ್ಕೆ ಯಾರು, ಗ್ಯಾಸ್ ಕೋಣೆಗೆ ಯಾರು ಎಂದು ಕ್ಷಣಮಾತ್ರದಲ್ಲಿ ತೀರ್ಮಾನಿಸುವ ಆಯ್ಕೆ ಅದು. ಆ ರಾತ್ರಿ ಕೂನ್ ಎಂಬ ವೃದ್ಧ ತನ್ನ ಹಲಗೆಯ ಮೇಲೆ ಕೂತು, ಮೈ ತೂಗುತ್ತ, ತನ್ನನ್ನು ಆರಿಸದೆ ಬಿಟ್ಟದ್ದಕ್ಕೆ ದೇವರಿಗೆ ಗಟ್ಟಿಯಾಗಿ ಧನ್ಯವಾದ ಹೇಳುತ್ತಿದ್ದಾನೆ. ಪಕ್ಕದ ಹಲಗೆಯಲ್ಲಿ ಇಪ್ಪತ್ತು ವರ್ಷದ ಗ್ರೀಕ್ ಹುಡುಗನೊಬ್ಬ ದೀಪವನ್ನೇ ನೋಡುತ್ತ ಮಲಗಿದ್ದಾನೆ. ನಾಡಿದ್ದು ತನ್ನ ಸಾವು ಎಂಬುದು ಅವನಿಗೆ ಗೊತ್ತಿದೆ. ತಾನು ದೇವರಾಗಿದ್ದರೆ ಕೂನ್‌ನ ಪ್ರಾರ್ಥನೆಯನ್ನು ನೆಲಕ್ಕೆ ಉಗುಳಿಬಿಡುತ್ತಿದ್ದೆ ಎಂಬರ್ಥದ ಮಾತಿನೊಂದಿಗೆ ಲೆವಿ ಆ ಅಧ್ಯಾಯ ಮುಗಿಸುತ್ತಾನೆ.

ಕೂನ್ ಮಾಡಿದ್ದು ಅಷ್ಟು ದೊಡ್ಡ ತಪ್ಪೇ ಎಂದು ಕೇಳಬಹುದು. ಮುದುಕ, ಸಾವಿನ ಬಾಯಿಯಿಂದ ಒಂದು ದಿನದ ಮಟ್ಟಿಗೆ ಪಾರಾದವನು, ಮಾಡಲು ಬೇರೇನೂ ಇಲ್ಲದವನು. ಲೆವಿಯ ತೀರ್ಪು ಕ್ರೂರ ಎನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಅದೇ ಕಟ್ಟುನಿಟ್ಟನ್ನು ಅವನು ತನಗೂ ಹಾಕಿಕೊಂಡಿದ್ದ. 1986ರಲ್ಲಿ, ಸಾಯುವುದಕ್ಕೆ ಒಂದು ವರ್ಷ ಮೊದಲು, ಪ್ರಕಟವಾದ ಪುಸ್ತಕದಲ್ಲಿ ಅದೇ ಅಕ್ಟೋಬರನ್ನು ಮತ್ತೆ ನೆನೆಯುತ್ತಾನೆ. ಬೆತ್ತಲೆಯಾಗಿ, ಕೈಯಲ್ಲಿ ತನ್ನ ಚೀಟಿ ಹಿಡಿದು ಸರದಿಗೆ ಕಾಯುತ್ತಿದ್ದಾಗ ಒಂದು ಕ್ಷಣ ಅವನಿಗೂ ಪ್ರಾರ್ಥಿಸಬೇಕೆನ್ನಿಸಿತಂತೆ. ಪ್ರಾರ್ಥಿಸಲಿಲ್ಲ. ಸೋಲುತ್ತಿದ್ದೇನೆಂದು ಆಟದ ಕೊನೆಯಲ್ಲಿ ನಿಯಮ ಬದಲಿಸಬಾರದು ಎಂಬುದು ಅವನ ಕಾರಣ. ಬದುಕಿ ಉಳಿದರೆ ಆ ಪ್ರಾರ್ಥನೆಗಾಗಿ ನಾಚಬೇಕಾಗುತ್ತದೆ ಎಂದೂ ಅವನಿಗೆ ಅನ್ನಿಸಿತ್ತು. ನೀನು ಉಳಿದದ್ದು ದೈವಸಂಕಲ್ಪ ಎಂದು ಯುದ್ಧದ ನಂತರ ಗೆಳೆಯನೊಬ್ಬ ಹೇಳಿದಾಗ ಆ ಮಾತು ಅವನಿಗೆ ಅಸಹ್ಯವಾಯಿತು. ತನಗಿಂತ ಒಳ್ಳೆಯವರು ಅಲ್ಲಿ ಸತ್ತಿದ್ದರು. ಅವರನ್ನು ಬಿಟ್ಟುಕೊಟ್ಟ ಸಂಕಲ್ಪ ಅದೆಂಥದ್ದು?

ಲೆವಿಯ ಎರಡು ನಿರಾಕರಣೆಗಳನ್ನು ಬಿಡಿಸಿ ನೋಡಬೇಕು. ಒಂದು, ನಂಬದವನು ಭಯದಲ್ಲಿ ನಂಬಿದಂತೆ ನಡೆದುಕೊಳ್ಳುವುದು ತನಗೆ ತಾನು ಮಾಡಿಕೊಳ್ಳುವ ವಂಚನೆ ಎಂಬುದು. ಇಲ್ಲಿ ನಹ್ಮಾನಿಡೀಸ್ ಮತ್ತು ಲೆವಿ ಎದುರುಬದುರು ನಿಲ್ಲುತ್ತಾರೆ. ಸಂಕಟದ ಕೂಗೇ ಮೂಲ ಎನ್ನುವವನಿಗೆ ಆಟದ ನಿಯಮದ ಮಾತು ಅರ್ಥವಾಗದು. ನನಗೆ ಇಬ್ಬರೂ ಸರಿ ಎನ್ನಿಸುತ್ತದೆ. ಕೂಗಿದವಳನ್ನು ಗದರಿಸುವ ಹಕ್ಕು ಏಲಿಗೂ ಇರಲಿಲ್ಲ, ನಮಗೂ ಇಲ್ಲ. ಕೂಗದೆ ನಿಂತವನನ್ನು ಅಹಂಕಾರಿ ಎನ್ನುವ ಹಕ್ಕು ಅದಕ್ಕಿಂತಲೂ ಇಲ್ಲ. ಇನ್ನೊಂದು ನಿರಾಕರಣೆ ಬೇರೆ ಬಗೆಯದು: ಪಕ್ಕದವನ ಸಾವಿನ ಎದುರು ನನ್ನ ಉಳಿವಿಗಾಗಿ ಧನ್ಯವಾದ ಹೇಳಲಾರೆ ಎಂಬುದು. ಈ ವಿಷಯದಲ್ಲಿ ಈ ನಾಸ್ತಿಕ ಮಿಶ್ನಾದಿಂದ ಬಹಳ ದೂರದಲ್ಲಿಲ್ಲ. ನನ್ನ ಮನೆಯದಾಗದಿರಲಿ ಎಂಬ ಬೇಡಿಕೆ ಮತ್ತು ನನ್ನದಾಗಲಿಲ್ಲವಲ್ಲ ಎಂಬ ಕೃತಜ್ಞತೆ ಒಂದೇ ನಾಣ್ಯದ ಎರಡು ಮುಖ.

ಈ ಇಕ್ಕಟ್ಟು ಪರಂಪರೆಗೆ ಗೊತ್ತಿತ್ತು. ಕೆಂಪು ಸಮುದ್ರ ಇಬ್ಭಾಗವಾಗಿ ಇಸ್ರಾಯೇಲರು ಪಾರಾದರು, ಬೆನ್ನಟ್ಟಿ ಬಂದ ಐಗುಪ್ತ್ಯರು ಮುಳುಗಿದರು. ಆಗ ದೇವದೂತರು ಹಾಡಲು ಹೊರಟರಂತೆ. ನನ್ನ ಕೈಯಾರೆ ಮಾಡಿದವರು ನೀರಿನಲ್ಲಿ ಮುಳುಗುತ್ತಿರುವಾಗ ನಿಮಗೆ ಹಾಡೇ ಎಂದು ದೇವರು ಅವರನ್ನು ತಡೆದನಂತೆ. ತಾಲ್ಮುಡ್‌ನಲ್ಲಿರುವ ಕಥೆ ಇದು. ಗಮನಿಸಬೇಕಾದ ಸಂಗತಿಯೆಂದರೆ, ಪಾರಾಗಿ ದಡ ಸೇರಿದ ಮೋಶೆ ಮತ್ತು ಜನ ಹಾಡಿದ್ದು ವಿಮೋಚನಕಾಂಡದಲ್ಲಿದೆ. ಅವರನ್ನು ಯಾರೂ ತಡೆಯಲಿಲ್ಲ. ಮುಳುಗುವ ಭಯ ಉಂಡವರು ಹಾಡಬಹುದು, ಮೇಲಿನಿಂದ ನೋಡುತ್ತಿದ್ದವರು ಹಾಡಬಾರದು ಎಂದು ಇದನ್ನು ಓದಿಕೊಳ್ಳಬಹುದು. ಹಾಡಿದವರ ಸಂತೋಷಕ್ಕೂ ಮಿತಿಯುಂಟು. ಪಸ್ಕ ಹಬ್ಬದ ರಾತ್ರಿ ಐಗುಪ್ತಕ್ಕೆ ಬಂದ ಹತ್ತು ಉಪದ್ರವಗಳ ಹೆಸರು ಹೇಳುವಾಗ ಒಂದೊಂದಕ್ಕೂ ಲೋಟದಿಂದ ಒಂದು ತೊಟ್ಟು ದ್ರಾಕ್ಷಾರಸ ತೆಗೆಯುವ ಪದ್ಧತಿಯಿದೆ. ಶತ್ರುವಿನ ನೋವಿನಿಂದ ನಮ್ಮ ಪಾತ್ರೆಯೂ ಅಷ್ಟು ಬರಿದಾಗಬೇಕು ಎಂದು ಇಂದು ಅನೇಕ ಮನೆಗಳಲ್ಲಿ ಮಕ್ಕಳಿಗೆ ಇದರ ಅರ್ಥ ಹೇಳುತ್ತಾರೆ.

ಒಂದು ತೊಟ್ಟು ಕಡಿಮೆಯಾದ ಲೋಟ ಲೆವಿಗೆ ಉತ್ತರವಾಗಲಾರದು. ಆ ಹಲಗೆಯ ಮೇಲೆ ಮಲಗಿದ್ದ ಹುಡುಗನ ಎದುರು ಯಾವ ವಿಧಿಯೂ ಸಾಕಾಗುವುದಿಲ್ಲ. ಸಾಕಾಗುತ್ತದೆ ಎಂದು ಯಾರಾದರೂ ಹೇಳಿದರೆ ಅನುಮಾನಿಸುವುದು ಒಳ್ಳೆಯದು. ಆದರೂ ಬಹುವಚನದ ಪ್ರಾರ್ಥನೆ, ಹತ್ತು ಜನರ ಸಾಕ್ಷಿ, ಅರ್ಹತೆಯಿಲ್ಲದವನು ಎಂಬ ಒಪ್ಪಿಗೆ, ತೆಗೆದಿಟ್ಟ ತೊಟ್ಟು, ಇವೆಲ್ಲ ಒಂದೇ ಕಡೆಗೆ ಕೈ ತೋರಿಸುತ್ತವೆ. ಪ್ರಾರ್ಥನೆ ಪ್ರಾಮಾಣಿಕವೋ ಅಲ್ಲವೋ ಎಂಬುದು ನಾವು ಎಷ್ಟು ದಿನದಿಂದ ನಂಬಿದ್ದೇವೆ ಎಂಬುದರ ಮೇಲೆ ನಿಂತಿಲ್ಲ. ಅದರೊಳಗೆ ಪಕ್ಕದವನಿಗೆ ಜಾಗವಿದೆಯೇ ಎಂಬುದರ ಮೇಲೆ ನಿಂತಿದೆ. ಗಾದೆ ವೆಂಕಟರಮಣನನ್ನು ಯಾವಾಗ ಕರೆದೆ ಎಂದು ಕೇಳುತ್ತದೆ. ಯಾರಿಗಾಗಿ ಕರೆದೆ ಎಂದು ಕೇಳುವುದಿಲ್ಲ.

ಈ ಪ್ರಶ್ನೆಗೆ ಆಶ್‌ವಿಟ್ಸ್‌ನಷ್ಟು ದೂರ ಹೋಗಬೇಕಿಲ್ಲ. ಬಸ್ಸೊಂದು ಉರುಳಿದ ಸುದ್ದಿ ಟಿವಿಯಲ್ಲಿ ಬರುತ್ತದೆ. ನಮ್ಮ ಮನೆಯವರು ಅದೇ ದಾರಿಯಲ್ಲಿ ಹೊರಟಿರುತ್ತಾರೆ. ಫೋನ್ ಮಾಡುತ್ತೇವೆ, ಆ ಕಡೆಯಿಂದ ದನಿ ಕೇಳಿಸುತ್ತದೆ. ‘ಸದ್ಯ, ನಮ್ಮೋರು ಆ ಬಸ್ಸಲ್ಲಿರ್ಲಿಲ್ಲ, ದೇವರು ದೊಡ್ಡೋನು’ ಎಂಬ ಮಾತು ದೇವರನ್ನು ನಂಬದವರ ಬಾಯಿಂದಲೂ ಬರುತ್ತದೆ. ಆ ‘ಸದ್ಯ’ವನ್ನು ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ಅದು ಉಸಿರಿನಷ್ಟೇ ಸಹಜ. ಆದರೆ ಅದನ್ನು ಹೇಳಿ ಮುಗಿಸಿದ ಮೇಲೆ ಚಾನೆಲ್ ಬದಲಿಸುವ ಮೊದಲು ಒಂದಿಷ್ಟು ಹೊತ್ತು ಉಳಿದಿರುತ್ತದೆ. ಆ ಹೊತ್ತಿಗೆ ಫೋನ್ ಎತ್ತದವರ ಮನೆಗಳೂ ಊರಲ್ಲಿ ಎಲ್ಲೋ ಇರುತ್ತವೆ.