ಗದ್ದದಡಿಯ ಗುರುತು

ಬೆಳಗಿನ ಜಾವ ಚೆನ್ನೈನ ಕಾಸಿಮೇಡು ಬಂದರಿಗೆ ಹೋಗಿ ಮೀನು ಕೊಂಡರೆ, ಹೆಚ್ಚಿ ಕೊಡುವವರು ಕೇಳುವ ಮಾತು, "ತಲೈ ವೇಣುಮಾ ಸಾರ್?" (ತಲೆ ಬೇಕಾ ಸಾರ್?) ಬೇಡವೆಂದು ಎಷ್ಟೋ ಜನ ಬಿಟ್ಟು ಹೋಗುತ್ತಾರೆ. ಅದೇ ಮೀನು ಕಲ್ಲಾಗಿ, ಹೆಸರಿಲ್ಲದೆ ತಜ್ಞರ ಮೇಜಿಗೆ ಬಂದರೆ ಅವರಿಗೆ ಮೊದಲು ಬೇಕಾಗುವುದು ತಲೆಯೇ.

ಮೈಕಟ್ಟನ್ನು ನಂಬುವಂತಿಲ್ಲ. ಬೇರೆ ಬೇರೆ ಕುಲದ ಮೀನುಗಳೂ ಒಂದೇ ರೀತಿ ಈಜಿ ಈಜಿ ಒಂದೇ ಆಕಾರಕ್ಕೆ ಬಂದಿರುತ್ತವೆ. ತಲೆಯ ಎಲುಬುಗಳು ಹಾಗಲ್ಲ. ಹೆಂಚು ಹೊದಿಸಿದಂತೆ ಕೂಡಿಕೊಂಡ ಅವುಗಳಲ್ಲಿ ವಂಶದ ಗುರುತು ಉಳಿದಿರುತ್ತದೆ. ಮೇಲ್ದವಡೆ ಕೆನ್ನೆಗೆ ಬಿಗಿದುಕೊಂಡಿದೆಯೇ, ಮುಂದಕ್ಕೆ ಚಾಚುವಷ್ಟು ಸಡಿಲವೇ? ಕಿವಿರಿನ ಮುಚ್ಚಳ ಎಷ್ಟು ತುಂಡಿನದು? ಹಲ್ಲು ಚೂಪೋ, ಗುಂಡಿಯಂತೆ ಮೊಂಡೋ?

ನನಗೆ ಇಷ್ಟವಾದ ಗುರುತು ಗದ್ದದಡಿಯದು. ಕೆಳದವಡೆಯ ಎರಡು ತೋಳುಗಳ ನಡುವೆ ಒಂದು ಚಪ್ಪಟೆ ಎಲುಬು. ಹಳೆಯ ಕಾಲದ ಮೀನುಗಳಲ್ಲಿ ಅದು ಸಾಮಾನ್ಯ, ಇಂದಿನ ಬಹುಪಾಲು ಮೀನುಗಳಲ್ಲಿ ಇಲ್ಲ. ಬಂಗುಡೆಯಲ್ಲಿ ಹುಡುಕಿದರೆ ಸಿಗದು. ಪುಲಿಕಾಟ್ ಸರೋವರದ ಕಡೆ ಸಿಗುವ ಟಾರ್ಪನ್ ಮೀನಿನಲ್ಲಿ ಈಗಲೂ ಇದೆ!

1938ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕದ ಮ್ಯೂಸಿಯಂ ಕ್ಯುರೇಟರ್ ಮಾರ್ಜರಿ ಕೋರ್ಟ್ನಿ ಲ್ಯಾಟಿಮರ್ ಅವರಿಗೆ ಮೀನುರಾಶಿಯಲ್ಲಿ ಸಿಕ್ಕಿದ ಸೀಲಕ್ಯಾಂತ್‌ಗೂ ಗದ್ದದಡಿ ಇಂಥ ಫಲಕಗಳಿದ್ದವು. ಡೈನೋಸಾರ್‌ಗಳ ಕಾಲದಲ್ಲೇ ಅಳಿಯಿತೆಂದು ಪುಸ್ತಕಗಳು ಹೇಳುತ್ತಿದ್ದ ಕುಲ ಅದು. ಮೀನುತಜ್ಞ ಜೆ.ಎಲ್.ಬಿ. ಸ್ಮಿತ್ ಬಂದು ನೋಡುವ ಹೊತ್ತಿಗೆ ಒಳಗಿನದೆಲ್ಲ ಕೊಳೆತು ಎಸೆದಾಗಿತ್ತು. ಉಳಿದದ್ದು ಚರ್ಮ, ತಲೆಬುರುಡೆ. ಗುರುತಿಗೆ ಅಷ್ಟು ಸಾಕಾಯಿತು.

ತಲೆಯೇ ಉಳಿಯದ ಮೀನುಗಳೂ ಇವೆಯಲ್ಲ. 1840ರ ದಶಕದಲ್ಲಿ ಮದ್ರಾಸ್ ಸಿವಿಲ್ ಸರ್ವಿಸ್‌ನ ಕೇ ಎಂಬ ಅಧಿಕಾರಿ ಪಾಂಡಿಚೇರಿ ಬಳಿಯ ಕಲ್ಲುಗಳಿಂದ ಪಳೆಯುಳಿಕೆ ಆಯ್ದು ಲಂಡನ್ನಿಗೆ ಕಳಿಸಿದರು. ಅದರಲ್ಲಿ ಶಾರ್ಕ್ ಹಲ್ಲುಗಳಿದ್ದವು. ಶಾರ್ಕಿನ ಬುರುಡೆ ಮೆದು ಎಲುಬು, ಮಣ್ಣಲ್ಲಿ ಕರಗಿಹೋಗುತ್ತದೆ. ಪಳೆಯುಳಿಕೆ ತಜ್ಞ ಫಿಲಿಪ್ ಎಗರ್ಟನ್ 1845ರಲ್ಲಿ ಆ ಶಾರ್ಕ್‌ಗಳನ್ನು ವಿವರಿಸಲು ಹಲ್ಲುಗಳನ್ನೇ ನೆಚ್ಚಬೇಕಾಯಿತು.

ಮುಂದಿನ ಸಲ ಮೀನು ತಂದಾಗ ತಲೆಯನ್ನೂ ಕೇಳಿ ತನ್ನಿ. ಮಗುಚಿ, ಗದ್ದದಡಿ ಬೆರಳಾಡಿಸಿ ನೋಡಿ. ಸಾರು ಆಮೇಲೆ ಮಾಡಿದರಾಯಿತು.