ಇಂದಿನ ಚಿಂತನೆ: ಕದ್ದು ಕಂಡ ನಡೆ



ನಮ್ಮ ಶಾಲೆಯಿಂದ ವರ್ಗವಾಗಿ ಹೋದ ಹಿರಿಯ ಮೇಷ್ಟ್ರೊಬ್ಬರ ಜೊತೆ ನಾನು ಚದುರಂಗ ಆಡುತ್ತೇನೆ. ಅವರೂರಲ್ಲಿ ಅವರು, ನಮ್ಮೂರಲ್ಲಿ ನಾನು. ದಿನಕ್ಕೊಂದು ನಡೆ ಮೆಸೇಜಿನಲ್ಲಿ ಬರೆದು ಕಳಿಸುವುದು, ಉತ್ತರಕ್ಕೆ ಕಾಯುವುದು. ಪುಸ್ತಕ ನೋಡಬಹುದು, ಕಂಪ್ಯೂಟರನ್ನು ಕೇಳಬಾರದು. ಇದು ನಮ್ಮಿಬ್ಬರ ಕರಾರು.

ಕಳೆದ ಸಲ ಬಿಳಿ ಕಾಯಿ ಅವರದು. ಸ್ಕಾಚ್ ಎಂಬ ಆರಂಭ ಹೂಡಿದರು. ರಾಜನ ಮುಂದಿನ ಕಾಲಾಳು ಎರಡು ಮನೆ, ಆಮೇಲೆ ಕುದುರೆ, ಮೂರನೆಯದಕ್ಕೇ ರಾಣಿಯ ಮುಂದಿನ ಕಾಲಾಳು ಎರಡು ಮನೆ. ಈ ಹೆಸರು ಬಂದದ್ದೂ ದೂರದಿಂದ ಆಡಿದ ಆಟದಿಂದಲೇ. 1824ರಿಂದ 1828ರವರೆಗೆ ಲಂಡನ್ ಮತ್ತು ಸ್ಕಾಟ್ಲೆಂಡಿನ ಎಡಿನ್‌ಬರೋ ಕ್ಲಬ್ಬುಗಳು ಅಂಚೆಯಲ್ಲಿ 5 ಆಟ ಆಡಿದವು. ಈ ಆರಂಭವನ್ನು ಮೊದಲು ಹೂಡಿದವರು ಲಂಡನ್ನಿನವರು, ಆ ಆಟ ಸೋತರು. ಆಮೇಲೆ ಎಡಿನ್‌ಬರೋದವರು ಅದನ್ನೇ ಕಲಿತು ಅವರ ಮೇಲೆ ಆಡಿದರು. ಕೊನೆಗೆ ಎಡಿನ್‌ಬರೋಗೆ 2 ಗೆಲುವು, ಲಂಡನ್ನಿಗೆ 1, ಉಳಿದ 2 ಡ್ರಾ. ಎದುರಾಳಿ ಮಣೆಯ ಮೇಲೆ ಎಲ್ಲರೆದುರು ಇಟ್ಟದ್ದನ್ನು ಕಲಿತು ಆಡುವುದು ಕಳವಲ್ಲ.

ನಾನು ಮಾಡಿದ್ದು ಬೇರೆ. 31ನೇ ನಡೆಗೆ ಏನೂ ತೋಚಲಿಲ್ಲ. ರಾತ್ರಿ ಹನ್ನೊಂದು, ಮನೆಯವರೆಲ್ಲ ಮಲಗಿದ್ದರು. ಆ್ಯಪ್ ತೆರೆದು ನೋಡಿಯೇಬಿಟ್ಟೆ. ಕುದುರೆ ಬಲಿ ಕೊಟ್ಟರೆ ಗೆಲುವು ನನ್ನದು! ನಾನಾಗಿ ಎಷ್ಟು ದಿನ ಕೂತರೂ ಕಾಣದ ನಡೆ ಅದು. ಅದೇ ದಿನ ಬೆಳಿಗ್ಗೆ ಪರೀಕ್ಷೆಯಲ್ಲಿ ಒಬ್ಬ ಹುಡುಗನ ಕಾಪಿ ಚೀಟಿ ಕಿತ್ತುಕೊಂಡಿದ್ದೆ.

ಆ ನಡೆ ಆಡಿದರೆ ಕೊಡದಿದ್ದುದನ್ನು ತೆಗೆದುಕೊಂಡಂತೆ. ಬೇಕೆಂದೇ ಬೇರೆ ನಡೆ ಆಡಿ ಸುಮ್ಮನಿದ್ದರೆ? ಅದೂ ಕಳವನ್ನು ಮುಚ್ಚಿಟ್ಟು ಒಳ್ಳೆಯವನೆನಿಸಿಕೊಂಡಂತೆ. ಪಂಚಶೀಲದಲ್ಲಿ ಎರಡನೆಯದು ಒಂದು ಕಡೆ, ನಾಲ್ಕನೆಯದು ಇನ್ನೊಂದು ಕಡೆ. ಕಂಡದ್ದನ್ನು ಕಾಣದ ಹಾಗೆ ಮಾಡಿಕೊಳ್ಳಲು ಆಗುವುದಿಲ್ಲ. ಉಳಿದದ್ದು ಹೇಳುವುದೊಂದೇ.

ಬೆಳಿಗ್ಗೆ ಬರೆದೆ: "ಸರ್, ನಿನ್ನೆ ರಾತ್ರಿ ಕಂಪ್ಯೂಟರ್ ನೋಡಿದೆ. ತಪ್ಪಾಯಿತು. ಆಟ ನಿಮ್ಮದು."

ಎರಡು ದಿನ ಉತ್ತರವಿಲ್ಲ. ಆ ಎರಡು ದಿನ ನನಗೆ ಊಟ ರುಚಿಸಲಿಲ್ಲ. ಮೂರನೆಯ ದಿನ ಬಂತು: "ಮೇಷ್ಟ್ರೇ, ಮೊದಲಿನ ಮೂವತ್ತು ನಡೆ ನಿಮ್ಮವೇ ಅಲ್ಲವೇನ್ರೀ? ನನಗೂ ಪುಕ್ಕಟೆ ಗೆಲುವು ಬೇಡ. ಡ್ರಾ ಅನ್ನೋಣ. ಮುಂದಿನ ಆಟಕ್ಕೆ ಬಿಳಿ ನಿಮ್ಮದು."

ಅವರು ನನ್ನ ತಪ್ಪನ್ನು ಇಲ್ಲವೆನ್ನಲಿಲ್ಲ, ನನ್ನನ್ನು ಅದೊಂದು ತಪ್ಪಿನಿಂದಲೇ ಅಳೆಯಲೂ ಇಲ್ಲ. ಆ ಹುಡುಗನನ್ನು ನಾನು ಅಳೆದದ್ದು ಒಂದೇ ಚೀಟಿಯಿಂದ. ಅವನನ್ನು ಕರೆದು ಈ ಆಟದ ಕತೆ ಹೇಳಬೇಕು. ಇನ್ನೂ ಧೈರ್ಯ ಬಂದಿಲ್ಲ.

ನೀವಾಗಿದ್ದರೆ ಹೇಳುತ್ತಿದ್ದಿರಾ?